ಎದೆಮಟ್ಟಕ್ಕೆ ಏಳುವ ವೇಗದ ಬಾಲ್‌ಗಳನ್ನು ಬ್ಯಾಟ್ಸ್‌ಮನ್‌ಗಳು ಹೇಗೆ ಆಡುತ್ತಾರೆ?

ಅಂಕೋಲಾದಲ್ಲಿ ಟೆನಿಸ್ ಬಾಲ್ ಆಡಿ ಬೆಳೆದೆ, ಈಗ ಲೆದರ್ ಬಾಲ್ ಟೀಮ್ ಸೇರಿದ್ದೇನೆ, ಹುಬ್ಬಳ್ಳಿ ಕಡೆ ಮ್ಯಾಚ್‌ಗೆ ಹೋದಾಗ ಶಾರ್ಟ್ ಬಾಲ್, ಅಂದರೆ ನಡುವಿನಲ್ಲೇ ನೆಲಕ್ಕೆ ಬಿದ್ದು ಎದೆಮಟ್ಟಕ್ಕೆ ಏಳುವ ಬಾಲ್, ಬಂದರೆ ಕೈಕಾಲೇ ಆಡುವುದಿಲ್ಲ ಎಂದು ಬರೆದಿದ್ದೀರಿ. ದೊಡ್ಡ ಆಟಗಾರರಿಗೆ ಭಯ ಆಗಲ್ವಾ ಎಂದೂ ಕೇಳಿದ್ದೀರಿ. ಆಗುತ್ತದೆ. ಭಯದ ಜೊತೆಗೇ ಅವರು ಬಾಲ್ ನೋಡುತ್ತಾ ಇರುತ್ತಾರೆ. ನಾನು ಕುಮಟಾದಲ್ಲಿ ಹುಡುಗರಿಗೆ ಕ್ರಿಕೆಟ್ ಕಲಿಸುತ್ತೇನೆ. ಪೆಟ್ಟು ತಿನ್ನುವ ಹುಡುಗರಲ್ಲಿ ಹೆಚ್ಚಿನವರು ಅದಕ್ಕೂ ಮೊದಲೇ ಮುಖ ತಿರುಗಿಸಿರುತ್ತಾರೆ.

ನಮ್ಮ ಕಡೆಯವರಿಗೆ ಇದು ಜಾಸ್ತಿ ಕಷ್ಟ ಆಗುವುದಕ್ಕೆ ಕಾರಣ ಇದೆ. ಕೊಯ್ಲಾದ ಗದ್ದೆಯಲ್ಲಿ, ಸಮುದ್ರದ ದಂಡೆಯಲ್ಲಿ ಬಾಲ್ ಮೊಣಕಾಲಿಗಿಂತ ಮೇಲೆ ಏಳುವುದೇ ಅಪರೂಪ. ಮುಂದಿನ ಕಾಲು ಹಾಕಿ ಅಡ್ಡ ಬೀಸುವುದು ರೂಢಿಯಾಗಿಬಿಡುತ್ತದೆ. ಮೈಗೆ ಬಿದ್ದರೂ ಟೆನಿಸ್ ಬಾಲ್, ಏನೂ ಆಗುವುದಿಲ್ಲ. ಅದೇ ಹುಡುಗ ಮ್ಯಾಟ್ (ಪಿಚ್ ಮೇಲೆ ಹಾಸುವ ಚಾಪೆ) ಮೇಲೆ ನಿಂತರೆ ಬಾಲ್ ಎದೆಗೆ ಬರುತ್ತದೆ. ಕಾಲು ಆಗಲೇ ಮುಂದೆ ಹೋಗಿರುತ್ತದೆ, ಹಿಂದೆ ಸರಿಯಲು ಜಾಗವೂ ಇಲ್ಲ, ಹೊತ್ತೂ ಇಲ್ಲ. ನಿಮಗೂ ಬಹುಶಃ ಇದೇ ಆಗುತ್ತಿದೆ.

ಕ್ರೀಸ್‌ನಿಂದ ಕ್ರೀಸ್‌ಗೆ ಇರುವುದು 17.7 ಮೀಟರ್‌ನಷ್ಟು ದೂರ. ಗಂಟೆಗೆ 140 ಕಿ.ಮೀ. ವೇಗದ ಬಾಲ್ ಹೆಚ್ಚುಕಮ್ಮಿ ಅರ್ಧ ಸೆಕೆಂಡಿನಲ್ಲಿ ನಿಮ್ಮ ಹತ್ತಿರ ಇರುತ್ತದೆ. ಬಾಲ್ ನೆಲಕ್ಕೆ ಬಿದ್ದ ಮೇಲೆ ಯೋಚನೆ ಮಾಡೋಣ ಎಂದರೆ ಮುಗಿಯಿತು. ಅದಕ್ಕೇ ಬೌಲರ್ ಕೈಯನ್ನು ನೋಡಬೇಕು. ಶಾರ್ಟ್ ಬಾಲ್ ಕೈಯಿಂದ ಸ್ವಲ್ಪ ತಡವಾಗಿ ಬಿಡುತ್ತದೆ, ಬಿಟ್ಟ ಕೂಡಲೇ ನೆಲದ ಕಡೆ ಇಳಿಯುತ್ತದೆ. ಅದು ಕಂಡ ತಕ್ಷಣ ಹಿಂದಿನ ಕಾಲು ಹಿಂದಕ್ಕೆ, ಸ್ವಲ್ಪ ಆಫ್ ಸ್ಟಂಪ್ (ಬಲಗೈ ಆಟಗಾರನಿಗೆ ಬಲಬದಿಯ ಸ್ಟಂಪ್) ಕಡೆಗೆ ಹೋಗಬೇಕು. ತಲೆ ಅಲ್ಲಾಡಬಾರದು.

ಹೊಡೆಯುವುದಕ್ಕಿಂತ ಮೊದಲು ಬಿಡುವುದನ್ನು ಕಲಿಯಿರಿ. ನಮ್ಮ ರಾಹುಲ್ ದ್ರಾವಿಡ್ ಆಡಿದ ಹಳೆಯ ಟೆಸ್ಟ್ ವಿಡಿಯೊಗಳನ್ನು ಹಾಕಿಕೊಂಡು ಬರೀ ಕೈ ನೋಡಿ. ಬಾಲ್ ಮೇಲೆ ಏಳುತ್ತಿದ್ದ ಹಾಗೆ ಕೈ ಕೆಳಗೆ ಇಳಿಯುತ್ತದೆ, ಬೆನ್ನು ಹಿಂದಕ್ಕೆ ವಾಲುತ್ತದೆ, ಬಾಲ್ ಮೂಗಿನ ಮುಂದೆ ಹಾದು ಕೀಪರ್ ಕೈ ಸೇರುತ್ತದೆ. ಕೈ ಮೇಲೆಯೇ ಇದ್ದರೆ ಗ್ಲೌಸ್‌ಗೆ ತಾಗಿ ಕ್ಯಾಚ್ ಹೋಗುತ್ತದೆ. ಬಗ್ಗುವುದೂ ಒಂದು ದಾರಿ. ಆದರೆ ನಮ್ಮ ಮ್ಯಾಟ್ ಪಿಚ್‌ಗಳಲ್ಲಿ ಬೌನ್ಸ್ ಒಂದೇ ಸಮ ಇರುವುದಿಲ್ಲ. ನೀವು ಬಗ್ಗಿ ಕೂತಾಗ ಬಾಲ್ ಏಳದೇ ಹೋದರೆ ಸೀದಾ ಹೆಲ್ಮೆಟ್‌ಗೇ ಬರುತ್ತದೆ. ಹಾಗಾಗಿ ನಾನು ಹುಡುಗರಿಗೆ ಮೊದಲು ವಾಲುವುದನ್ನು ಹೇಳಿಕೊಡುತ್ತೇನೆ.

2021ರ ಜನವರಿಯಲ್ಲಿ ಬ್ರಿಸ್ಬೇನ್‌ನ ಗಾಬಾದಲ್ಲಿ ಆಸ್ಟ್ರೇಲಿಯಾ ವಿರುದ್ಧ ಚೇತೇಶ್ವರ ಪೂಜಾರ ಆಡಿದ್ದು ನೆನಪಿದೆಯಾ? 211 ಬಾಲ್, 56 ರನ್. ಹೆಲ್ಮೆಟ್, ಎದೆ, ಬೆರಳು ಅಂತ ಮೈಯೆಲ್ಲಾ ಪೆಟ್ಟು. ಎದ್ದು ಬರುವ ಬಾಲ್‌ಗೆ ಬ್ಯಾಟ್ ಅಡ್ಡ ಹಿಡಿದು ಕ್ಯಾಚ್ ಕೊಡುವ ಬದಲು ಮೈಮೇಲೆ ತೆಗೆದುಕೊಂಡರು. ಭಾರತ ಆ ಮ್ಯಾಚ್ ಗೆದ್ದಿತು, ಸರಣಿಯನ್ನೂ ಗೆದ್ದಿತು. ನನಗೆ ಆ ಇನ್ನಿಂಗ್ಸ್ ಯಾವ ಸೆಂಚುರಿಗಿಂತಲೂ ದೊಡ್ಡದು.

ಕುಳ್ಳಗಿದ್ದರೆ ಕಷ್ಟ ಎಂದೂ ಅಂದುಕೊಳ್ಳಬೇಡಿ. ಭದ್ರಾವತಿಯ ಜಿ.ಆರ್. ವಿಶ್ವನಾಥ್ ಎತ್ತರದ ಆಳೇ ಅಲ್ಲ. 1975ರಲ್ಲಿ ಚೆನ್ನೈನ ಚೆಪಾಕ್‌ನಲ್ಲಿ ವೆಸ್ಟ್ ಇಂಡೀಸ್ ವೇಗಿ ಆ್ಯಂಡಿ ರಾಬರ್ಟ್ಸ್ ಒಬ್ಬರೇ 7 ವಿಕೆಟ್ ತೆಗೆದಾಗ, ತಂಡದ 190ರಲ್ಲಿ ಔಟಾಗದೆ 97 ಹೊಡೆದವರು ಅವರು. ಆಫ್ ಕಡೆ ಜಾಗ ಸಿಕ್ಕಿದ ಶಾರ್ಟ್ ಬಾಲನ್ನು ಸ್ಕ್ವೇರ್ ಕಟ್ ಮಾಡುವುದರಲ್ಲಿ, ಅಂದರೆ ಬ್ಯಾಟ್ ಅಡ್ಡ ಬೀಸಿ ಆಫ್ ಬದಿಗೆ ಹೊಡೆಯುವುದರಲ್ಲಿ, ಅವರಿಗೆ ಸಾಟಿ ಇರಲಿಲ್ಲ. ನಿಮಗೂ ರನ್ ಬರುವ ದಾರಿ ಮೊದಲು ಕಟ್ ಇರಲಿ. ಲೆಗ್ ಕಡೆಗೆ ಎಳೆದು ಹೊಡೆಯುವ ಪುಲ್ ಆಮೇಲೆ ಬರಲಿ, ಅದೂ ಎದೆಗಿಂತ ಕೆಳಗಿನ ಬಾಲ್‌ಗೆ, ಮಣಿಕಟ್ಟು ತಿರುಗಿಸಿ ನೆಲಕ್ಕೆ ಹೊಡೆಯಬೇಕು. ತಲೆಮಟ್ಟದ ಬಾಲನ್ನು ಹಾಗೆಯೇ ಲೆಗ್ ಕಡೆಗೆ ಹೊಡೆಯುವ ಹುಕ್ ಸದ್ಯಕ್ಕೆ ಬೇಡವೇ ಬೇಡ. ಆಸ್ಟ್ರೇಲಿಯಾದ ಸ್ಟೀವ್ ವಾ ಅಂಥವರೇ ಹುಕ್ ಬಿಟ್ಟು ಸಾವಿರಾರು ರನ್ ಮಾಡಿದ್ದಾರೆ.

ಇನ್ನು ಅಭ್ಯಾಸ. ಭಾರತ ತಂಡಕ್ಕೆ ನೆಟ್ಸ್‌ನಲ್ಲಿ ಥ್ರೋಡೌನ್ ಕೊಡುವ, ಅಂದರೆ ಅಭ್ಯಾಸಕ್ಕೆ ಬಾಲ್ ಎಸೆದುಕೊಡುವ ರಾಘವೇಂದ್ರ, ಎಲ್ಲರೂ ರಘು ಅನ್ನುತ್ತಾರಲ್ಲ, ನಮ್ಮ ಕುಮಟಾದವರು. ಉದ್ದ ಹಿಡಿಕೆಯ ಸೌಟಿನಂಥ ಸೈಡ್‌ಆರ್ಮ್‌ನಲ್ಲಿ ಅವರು ಎಸೆಯುವ ಬಾಲ್‌ಗಳ ವೇಗಕ್ಕೆ ಕಣ್ಣು ಹೊಂದಿಕೊಂಡರೆ ಮ್ಯಾಚ್‌ನಲ್ಲಿ ಬೇಕಾದಷ್ಟು ಸಮಯ ಸಿಕ್ಕ ಹಾಗೆ ಅನಿಸುತ್ತದೆ ಎಂದು ವಿರಾಟ್ ಕೊಹ್ಲಿ ಹೇಳಿದ್ದಾರೆ. ಸೈಡ್‌ಆರ್ಮ್ ಈಗ ಕ್ರೀಡಾ ಸಾಮಾನಿನ ಅಂಗಡಿಯಲ್ಲೂ ಆನ್‌ಲೈನ್‌ನಲ್ಲೂ ಸಿಗುತ್ತದೆ. ಟೀಮಿಗೆ ಒಂದು ತರಿಸಿಕೊಳ್ಳಿ. ಅದು ಬರುವ ತನಕ ಸಿಮೆಂಟ್ ಅಂಗಳ ಇದ್ದರೂ ಸಾಕು. ಟೆನಿಸ್ ಬಾಲ್ ಒದ್ದೆ ಮಾಡಿ, ಗೆಳೆಯನನ್ನು ಅರ್ಧ ಪಿಚ್ ದೂರಕ್ಕೆ ನಿಲ್ಲಿಸಿ, ಎದೆಗೆ ಬರುವ ಹಾಗೆ ಎಸೆಯಲು ಹೇಳಿ. ಮೊದಲ ವಾರ ಬ್ಯಾಟ್ ಹಿಡಿಯಬೇಡಿ, ಬರೀ ವಾಲಿ ಬಿಡಿ. ಬಾಲ್‌ನ ಎರಡು ಬದಿಗೆ ಎರಡು ಬಣ್ಣ ಹಚ್ಚಿ, ಹತ್ತಿರ ಬಂದಾಗ ಯಾವ ಬಣ್ಣ ಕಂಡಿತು ಎಂದು ಜೋರಾಗಿ ಕೂಗಿ. ಕೂಗಬೇಕಾದರೆ ನೋಡಲೇಬೇಕು, ಅಲ್ವಾ?

ಹೆಲ್ಮೆಟ್ ವಿಷಯದಲ್ಲಿ ದಯವಿಟ್ಟು ಉಳಿತಾಯ ಮಾಡಬೇಡಿ. 2014ರ ನವೆಂಬರ್‌ನಲ್ಲಿ ಸಿಡ್ನಿಯಲ್ಲಿ ಆಸ್ಟ್ರೇಲಿಯಾದ ಬ್ಯಾಟ್ಸ್‌ಮನ್ ಫಿಲ್ ಹ್ಯೂಸ್‌ಗೆ ಬಾಲ್ ಬಿದ್ದದ್ದು ಹೆಲ್ಮೆಟ್‌ನ ಕೆಳಗೆ, ಕುತ್ತಿಗೆಗೆ. ಎರಡು ದಿನದಲ್ಲಿ ಆ ಹುಡುಗ ತೀರಿಕೊಂಡ. ಆಮೇಲೆಯೇ ಕುತ್ತಿಗೆಯ ಗಾರ್ಡ್ ಬಳಕೆಗೆ ಬಂದದ್ದು. ಅದು ಇರುವ ಹೆಲ್ಮೆಟ್ಟನ್ನೇ ತೆಗೆದುಕೊಳ್ಳಿ, ಟೀಮಿನ ಹಳೆಯ, ಸಡಿಲ ಹೆಲ್ಮೆಟ್ ಹಾಕಿಕೊಳ್ಳಬೇಡಿ. ತಲೆಗೆ ಪೆಟ್ಟು ಬಿದ್ದರೆ, ಏನೂ ಆಗಿಲ್ಲ ಅನಿಸಿದರೂ ಆವತ್ತಿಗೆ ಆಟ ಬಿಟ್ಟು ಡಾಕ್ಟರಿಗೆ ತೋರಿಸಿ. ಲಾರ್ಡ್ಸ್‌ನಲ್ಲಿ 2019ರಲ್ಲಿ ಇಂಗ್ಲೆಂಡ್ ವೇಗಿ ಜೋಫ್ರಾ ಆರ್ಚರ್ ಬಾಲ್ ಕುತ್ತಿಗೆಗೆ ಬಿದ್ದ ಮೇಲೂ ಆಸ್ಟ್ರೇಲಿಯಾದ ಸ್ಟೀವ್ ಸ್ಮಿತ್ ಅದೇ ದಿನ ಮತ್ತೆ ಬಂದು ಬ್ಯಾಟ್ ಮಾಡಿದರು. ಮಿದುಳಿಗೆ ಪೆಟ್ಟಾದ ಲಕ್ಷಣಗಳು ಕಾಣಿಸಿಕೊಂಡದ್ದು ಆಮೇಲೆ. ಕೊನೆಯ ದಿನ ಅವರ ಬದಲಿಗೆ ತಂಡದ ಇನ್ನೊಬ್ಬ ಬ್ಯಾಟ್ಸ್‌ಮನ್ ಮಾರ್ನಸ್ ಲಬುಶೇನ್ ಆಡಬೇಕಾಯಿತು.