ಚಿತ್ರ ಮರುಮಾರಾಟವಾದಾಗ ಚಿತ್ರಕಾರನಿಗೆ ಪಾಲು ಯಾಕೆ? ಧಾರವಾಡದ ಓದುಗರೊಬ್ಬರಿಗೆ ಸಂಪಾದಕರ ಉತ್ತರ

ಮಾನ್ಯರೇ, ನಮಸ್ಕಾರ.

ನಿಮ್ಮ ಪತ್ರದ ಸಾರ ಉಳಿದ ಓದುಗರಿಗೂ ತಿಳಿದಿರಲಿ. 2025ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನ ಕ್ರಿಸ್ಟೀಸ್ ಹರಾಜಿನಲ್ಲಿ ಎಂ.ಎಫ್. ಹುಸೇನರ ‘ಗ್ರಾಮ ಯಾತ್ರಾ’ 118 ಕೋಟಿ ರೂಪಾಯಿಗೆ ಹೋಯಿತು, ಇನ್ನು ನಮ್ಮ ಕಲಾವಿದರ ಬಡತನ ಕಳೆದಂತೆ ಎಂದು ಸಂತೋಷಪಟ್ಟಿದ್ದೀರಿ. ಮರುಮಾರಾಟದಲ್ಲಿ ಕಲಾವಿದರಿಗೆ ಪಾಲು ಸಿಗಬೇಕೆಂದು ಈ ಪತ್ರಿಕೆ ಬರೆದದ್ದು ನಿಮಗೆ ಹಿಡಿಸಿಲ್ಲ. ‘ಮನೆ ಮಾರಿದವನು, ಕೊಂಡವನು ಅದನ್ನು ಇನ್ನೊಬ್ಬನಿಗೆ ಮಾರುವಾಗಲೂ ಬಂದು ಪಾಲು ಕೇಳುತ್ತಾನೆಯೇ?’ ಎಂಬುದು ನಿಮ್ಮ ಆಕ್ಷೇಪ. ಕೊನೆಗೆ, ನಿವೃತ್ತಿಯ ಹಣದಲ್ಲಿ ಒಂದಷ್ಟನ್ನು ಎಳೆಯ ಕಲಾವಿದರ ಚಿತ್ರಗಳ ಮೇಲೆ ಹಾಕಬಹುದೇ ಎಂದು ಕೇಳಿದ್ದೀರಿ.

ಮೊದಲು ಆ 118 ಕೋಟಿ ಎಲ್ಲಿಗೆ ಹೋಯಿತು ನೋಡೋಣ. ‘ಗ್ರಾಮ ಯಾತ್ರಾ’ 1954ರ ಕೃತಿ. ಹೆಚ್ಚುಕಡಿಮೆ 14 ಅಡಿ ಉದ್ದದ ಕ್ಯಾನ್ವಾಸ್, ಅದರಲ್ಲಿ ಹಳ್ಳಿಯ ಬದುಕಿನ 13 ಚಿತ್ರಗಳು. ವಿಶ್ವ ಆರೋಗ್ಯ ಸಂಸ್ಥೆಯ ಕೆಲಸಕ್ಕೆ ದೆಹಲಿಗೆ ಬಂದಿದ್ದ ಲಿಯೊನ್ ಎಲಿಯಾಸ್ ವೊಲೊಡಾರ್ಸ್ಕಿ ಎಂಬ ಶಸ್ತ್ರವೈದ್ಯರು ಅದೇ ವರ್ಷ ಅದನ್ನು ಕೊಂಡು ನಾರ್ವೆಗೆ ಒಯ್ದರು. 1964ರಲ್ಲಿ ಅದು ಓಸ್ಲೊದ ವಿಶ್ವವಿದ್ಯಾಲಯ ಆಸ್ಪತ್ರೆಗೆ ಸೇರಿತು. 25ರಿಂದ 35 ಲಕ್ಷ ಡಾಲರ್ ಬಂದೀತೆಂದು ಅಂದಾಜಿಸಿದ್ದ ಚಿತ್ರ 1 ಕೋಟಿ 37.5 ಲಕ್ಷ ಡಾಲರಿಗೆ ಹೋಯಿತು. ಹಣ ಬಂದದ್ದು ಆಸ್ಪತ್ರೆಗೆ, ವೈದ್ಯರ ತರಬೇತಿಗಾಗಿ. ಶುಲ್ಕ ಬಂದದ್ದು ಕ್ರಿಸ್ಟೀಸ್‌ಗೆ. 2011ರಲ್ಲಿ ತೀರಿಹೋದ ಹುಸೇನರ ವಾರಸುದಾರರಿಗೆ ಅದರಲ್ಲಿ ಒಂದು ರೂಪಾಯಿಯನ್ನಾದರೂ ಕೊಡಬೇಕೆಂದು ಅಮೆರಿಕದ ಯಾವ ಕಾನೂನೂ ಹೇಳುವುದಿಲ್ಲ.

ಮಾರುಕಟ್ಟೆಯ ಪರವಾಗಿ ಹೇಳಬೇಕಾದದ್ದನ್ನೂ ಹೇಳುತ್ತೇನೆ. ಹರಾಜು ಆಗದಿದ್ದರೆ ಆ ಚಿತ್ರ ಆಸ್ಪತ್ರೆಯ ಕಾರಿಡಾರ್‌ನಲ್ಲೇ ಇರುತ್ತಿತ್ತು. ಬೆಲೆ ಬಂದ ಮೇಲೆ ವಿಮೆ, ಸಂರಕ್ಷಣೆ, ಕೃತಿಯ ಪೂರ್ವಚರಿತ್ರೆ ಹುಡುಕುವ ಕೆಲಸ ಎಲ್ಲವೂ ನಡೆಯುತ್ತವೆ. ಬಹಿರಂಗ ಹರಾಜಿನ ಬೆಲೆಯಾದರೂ ನಾಲ್ಕು ಜನರಿಗೆ ಕಾಣುತ್ತದೆ. ಗ್ಯಾಲರಿಗಳ ಖಾಸಗಿ ಮಾರಾಟದಲ್ಲಿ ಅದೂ ಇಲ್ಲ. ಇಷ್ಟು ಒಪ್ಪೋಣ.

ಆದರೆ ಬೆಲೆಯೇ ಕಲೆಯ ಬಗ್ಗೆ ಸಮಾಜಕ್ಕಿರುವ ಗೌರವದ ಅಳತೆ ಎಂದಿದ್ದೀರಲ್ಲ, ಅದನ್ನು ಒಪ್ಪಲಾರೆ. ಆ ಬೆಲೆ ಹುಟ್ಟುವ ಬಗೆಯನ್ನು ಗಮನಿಸಿ. ಪತ್ರಿಕೆಗಳಲ್ಲಿ ಬರುವ ಮೊತ್ತ ಸುತ್ತಿಗೆ ಬಿದ್ದ ಬೆಲೆಯಲ್ಲ, ಅಂದರೆ ಕೊನೆಯ ಕೂಗಿಗೆ ನಿಂತ ಬೆಲೆಯಲ್ಲ. ಕೊಂಡವರು ಹರಾಜು ಕಂಪನಿಗೆ ಕೊಡುವ ಪ್ರೀಮಿಯಂ ಸೇರಿದ ಮೊತ್ತ. ಕ್ರಿಸ್ಟೀಸ್‌ನ 2023ರ ದರಪಟ್ಟಿಯಲ್ಲಿ ಈ ಪ್ರೀಮಿಯಂ ಮೊದಲ 10 ಲಕ್ಷ ಡಾಲರಿಗೆ ಶೇ 26, ಅಲ್ಲಿಂದ 60 ಲಕ್ಷದವರೆಗೆ ಶೇ 20, ಅದರ ಮೇಲಕ್ಕೆ ಶೇ 14.5. ಒಂದು ಕೋಟಿ ಡಾಲರಿಗೆ ಸುತ್ತಿಗೆ ಬಿದ್ದರೆ ಪ್ರೀಮಿಯಂ ಒಂದೇ 18.4 ಲಕ್ಷ ಡಾಲರ್. ಇನ್ನೊಂದು ದೊಡ್ಡ ಹರಾಜು ಕಂಪನಿ ಸದಬೀಸ್ 2024ರಲ್ಲಿ ತನ್ನ ದರ ಇಳಿಸಿ ನೋಡಿತು, ಕೈಸುಟ್ಟುಕೊಂಡು 2025ರ ಫೆಬ್ರುವರಿಯಲ್ಲಿ ಮತ್ತೆ ಏರಿಸಿತು: ಮೊದಲ 20 ಲಕ್ಷ ಡಾಲರಿಗೆ ಶೇ 27. ಲಿಯೊನಾರ್ಡೊನದೆಂದು 2017ರಲ್ಲಿ ಮಾರಾಟವಾದ ‘ಸಾಲ್ವತೋರ್ ಮುಂಡಿ’ಗೆ ಸುತ್ತಿಗೆ ಬಿದ್ದದ್ದು 40 ಕೋಟಿ ಡಾಲರಿಗೆ, ಪ್ರೀಮಿಯಂ 5.03 ಕೋಟಿ.

ಇನ್ನು ‘ಗ್ಯಾರಂಟಿ’ಯ ವಿಷಯ. ದೊಡ್ಡ ಕೃತಿಯನ್ನು ಹರಾಜಿಗೆ ಬಿಡಲು ಮಾಲೀಕರು ಹಿಂದೆಮುಂದೆ ನೋಡಿದರೆ, ಕಂಪನಿ ‘ಇಷ್ಟು ಹಣ ಖಂಡಿತ’ ಎಂದು ಮೊದಲೇ ಮಾತು ಕೊಡುತ್ತದೆ. ಆ ಅಪಾಯವನ್ನು ತಾನೊಬ್ಬನೇ ಹೊರದೆ ಹೊರಗಿನ ಸಿರಿವಂತರೊಬ್ಬರಿಂದ ಹಿಂತೆಗೆಯಲಾಗದ ಬಿಡ್ ಬರೆಸಿಕೊಳ್ಳುತ್ತದೆ. ಹರಾಜಿನಲ್ಲಿ ಬೇರೆ ಯಾರೂ ಕೂಗದಿದ್ದರೆ ಕೃತಿ ಆ ವ್ಯಕ್ತಿಗೆ ಹೋಗುತ್ತದೆ, ಬೆಲೆ ಮೇಲೇರಿದರೆ ಏರಿಕೆಯಲ್ಲಿ ಪಾಲು ಅಥವಾ ಮೊದಲೇ ನಿಗದಿಯಾದ ಶುಲ್ಕ ಸಿಗುತ್ತದೆ. ಮಾಲೀಕರಿಗೆ, ಕಂಪನಿಗೆ, ಹಣ ಹಾಕಿ ಕುಳಿತ ಮೂರನೆಯವರಿಗೆ ಹೀಗೆ ಪಾಲು ಗೊತ್ತುಮಾಡುವ ವ್ಯವಸ್ಥೆ ಚಿತ್ರ ಬರೆದವರಿಗೊಂದು ಪಾಲು ಎಂದೊಡನೆ ‘ತುಂಬಾ ತೊಡಕಿನ ಕೆಲಸ’ ಎನ್ನುತ್ತದೆ.

ಈ ವ್ಯವಸ್ಥೆ ಕೆಲವೇ ಜನರ ಕೈಯಲ್ಲಿದೆ. ಕ್ರಿಸ್ಟೀಸ್ 1998ರಿಂದ ಫ್ರಾನ್ಸ್‌ನ ಉದ್ಯಮಿ ಫ್ರಾಂಸ್ವಾ ಪಿನೋ ಕುಟುಂಬದ್ದು. ಸದಬೀಸನ್ನು 2019ರಲ್ಲಿ ಪ್ಯಾಟ್ರಿಕ್ ದ್ರಾಹಿ 370 ಕೋಟಿ ಡಾಲರಿಗೆ ಕೊಂಡರು. ಅಲ್ಲಿಯತನಕ ಷೇರುಪೇಟೆಯಲ್ಲಿದ್ದ ಕಂಪನಿ ಖಾಸಗಿಯಾದ ಮೇಲೆ ಅದರ ಲೆಕ್ಕಪತ್ರ ಮೊದಲಿನಂತೆ ಹೊರಗೆ ಸಿಗುತ್ತಿಲ್ಲ. ಗ್ಯಾಲರಿಗಳ ಪೈಕಿ ಗಗೋಸಿಯನ್, ಡೇವಿಡ್ ಜ್ವರ್ನರ್, ಹೌಸರ್ ಅಂಡ್ ವಿರ್ತ್, ಪೇಸ್ ಈ ನಾಲ್ಕೇ ಲೋಕವನ್ನು ಆಳುತ್ತವೆ. ಕ್ರಿಸ್ಟೀಸ್ ಮತ್ತು ಸದಬೀಸ್ ಒಳಗೊಳಗೇ ಮಾತಾಡಿಕೊಂಡು ಕಮಿಷನ್ ದರ ಗೊತ್ತುಮಾಡಿಕೊಂಡಿದ್ದವು ಎಂಬುದು 2000ದಲ್ಲಿ ಬಯಲಾಯಿತು. ಗಿರಾಕಿಗಳಿಗೆ ಎರಡೂ ಸೇರಿ 51.2 ಕೋಟಿ ಡಾಲರ್ ಕಟ್ಟಿಕೊಟ್ಟವು, ಸದಬೀಸ್‌ನ ಅಧ್ಯಕ್ಷ ಆಲ್ಫ್ರೆಡ್ ಟೌಬ್ಮನ್ ಜೈಲಿಗೆ ಹೋದರು. ಬ್ಯಾಂಕಿನಲ್ಲೋ ಷೇರುಪೇಟೆಯಲ್ಲೋ ಇಂಥ ಹಗರಣ ನಡೆದಿದ್ದರೆ ನೀವು ಅದನ್ನು ಗೌರವದ ಅಳತೆಗೋಲು ಎನ್ನುತ್ತಿರಲಿಲ್ಲ.

ಈಗ ನಿಮ್ಮ ಮನೆಯ ಹೋಲಿಕೆಗೆ ಬರೋಣ. ಮೇಲ್ನೋಟಕ್ಕೆ ಸರಿ ಕಾಣುತ್ತದೆ, ಅದಕ್ಕೇ ಎಲ್ಲರೂ ಅದನ್ನು ಎತ್ತುತ್ತಾರೆ. ಮನೆಯ ಬೆಲೆ ಏರುವುದು ಪಕ್ಕದಲ್ಲಿ ರಸ್ತೆ ಬಂತು, ನಿವೇಶನಕ್ಕೆ ಬೇಡಿಕೆ ಹೆಚ್ಚಿತು ಎಂದು. ಕಟ್ಟಿದ ಮೇಸ್ತ್ರಿ ಆಮೇಲೆ ಏನು ಮಾಡಿದ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. 1954ರ ಹುಸೇನರ ಚಿತ್ರಕ್ಕೆ ಈ ಬೆಲೆ ಬಂದದ್ದು ಆಮೇಲಿನ ಅರ್ಧ ಶತಮಾನ ಅವರು ಬಿಡದೆ ಚಿತ್ರ ಬರೆದದ್ದರಿಂದ. ಎಳವೆಯಲ್ಲಿ ಅಗ್ಗಕ್ಕೆ ಕೊಟ್ಟ ಚಿತ್ರದ ಬೆಲೆಯನ್ನು ಕಲಾವಿದ ತನ್ನ ಉಳಿದ ಆಯುಷ್ಯದ ದುಡಿಮೆಯಿಂದ ಏರಿಸುತ್ತಾನೆ, ಆ ಏರಿಕೆ ಪೂರ್ತಿಯಾಗಿ ಬೇರೆಯವರದಾಗುತ್ತದೆ. ಕಾದಂಬರಿಕಾರನಿಗೆ ಪ್ರತಿ ಮುದ್ರಣಕ್ಕೂ ಗೌರವಧನವಿದೆ, ಹಾಡುಗಾರನಿಗೆ ಹಾಡು ಬಿತ್ತರವಾದಾಗಲೆಲ್ಲ ಕಾನೂನಿನ ಪಾಲಿದೆ. ಚಿತ್ರಕಾರನಿಗಿರುವುದು ಆ ಒಂದೇ ಪ್ರತಿ.

ಇದು ಹೊಸ ವಾದವೂ ಅಲ್ಲ. ಫ್ರೆಂಚ್ ಚಿತ್ರಕಾರ ಮಿಲೆ ಸುಮಾರು 1,000 ಫ್ರಾಂಕಿಗೆ ಕೊಟ್ಟ ‘ಆಂಜೆಲುಸ್’ ಚಿತ್ರ, ಅವರು ತೀರಿಹೋದ ಮೇಲೆ, 1889ರ ಪ್ಯಾರಿಸ್ ಹರಾಜಿನಲ್ಲಿ 5,53,000 ಫ್ರಾಂಕಿಗೆ ಹೋಯಿತು. ಇಂಥವನ್ನು ಕಂಡ ಫ್ರಾನ್ಸ್ 1920ರಲ್ಲಿ ಮರುಮಾರಾಟದಲ್ಲಿ ಕಲಾವಿದರಿಗೆ ಪಾಲು ಕೊಡಿಸುವ ಕಾನೂನು ಮಾಡಿತು. ಅಮೆರಿಕದಲ್ಲಿ 1973ರ ಅಕ್ಟೋಬರ್‌ನಲ್ಲಿ ಸಂಗ್ರಾಹಕ ರಾಬರ್ಟ್ ಸ್ಕಲ್ ತನ್ನ ಸಂಗ್ರಹವನ್ನು ಹರಾಜಿಗಿಟ್ಟ. ರಾಬರ್ಟ್ ರೌಶೆನ್‌ಬರ್ಗ್ 900 ಡಾಲರಿಗೆ ಕೊಟ್ಟಿದ್ದ ‘ಥಾ’ 85,000ಕ್ಕೆ ಹೋಯಿತು. ಹರಾಜು ಮುಗಿದದ್ದೇ ರೌಶೆನ್‌ಬರ್ಗ್ ಸ್ಕಲ್‌ನ ಎದೆಗೆ ಕೈಯಿಟ್ಟು ತಳ್ಳಿದರು. 1976ರಲ್ಲಿ ಕ್ಯಾಲಿಫೋರ್ನಿಯಾ ಶೇ 5ರ ಕಾನೂನು ತಂದಿತು. ನ್ಯಾಯಾಲಯ 2018ರಲ್ಲಿ ಅದನ್ನು ಹೆಚ್ಚುಕಡಿಮೆ ಪೂರ್ತಿ ಹೊಡೆದುಹಾಕಿತು. ಆಸ್ಟ್ರೇಲಿಯಾದಲ್ಲಿ ಮೂಲನಿವಾಸಿ ಕಲಾವಿದ ಜಾನಿ ವಾರಂಗುಲಾ 1972ರಲ್ಲಿ ಬರೆದ ಚಿತ್ರವೊಂದು ಮೊದಲು 150 ಆಸ್ಟ್ರೇಲಿಯನ್ ಡಾಲರಿಗೆ ಹೋಗಿದ್ದದ್ದು 2000ದಲ್ಲಿ 4,86,500ಕ್ಕೆ ಮಾರಾಟವಾಯಿತು. ಮರುವರ್ಷ ಅವರು ತೀರಿಹೋದರು. ಅಲ್ಲಿ 2010ರಿಂದ 1,000 ಡಾಲರ್ ಮುಟ್ಟಿದ ವಾಣಿಜ್ಯ ಮರುಮಾರಾಟಗಳಿಗೆ ಶೇ 5 ಕೊಡುವ ಕಾನೂನಿದೆ. ನ್ಯೂಜಿಲೆಂಡ್ 2024ರ ಡಿಸೆಂಬರ್‌ನಲ್ಲಿ ಅದೇ ದಾರಿ ಹಿಡಿಯಿತು.

ಯುರೋಪಿಯನ್ ಒಕ್ಕೂಟದಲ್ಲಿ ಕಲಾವಿದರಿಗೆ ಸಿಗುವ ಪಾಲಿನ ಲೆಕ್ಕವನ್ನು ನೋಡಿದರೆ ಇದು ಎಷ್ಟು ಸಣ್ಣ ಬೇಡಿಕೆ ಎಂದು ತಿಳಿಯುತ್ತದೆ. ಮೊದಲ 50,000 ಯೂರೋಗೆ ಶೇ 4, ಎರಡು ಲಕ್ಷದವರೆಗೆ ಶೇ 3, ಮೂರೂವರೆ ಲಕ್ಷದವರೆಗೆ ಶೇ 1, ಐದು ಲಕ್ಷದವರೆಗೆ ಶೇ 0.5, ಅದರಾಚೆ ಶೇ 0.25. ಎಷ್ಟೇ ಬೆಲೆ ಬರಲಿ, ಒಟ್ಟು 12,500 ಯೂರೋ ಮೀರುವಂತಿಲ್ಲ. 20 ಲಕ್ಷ ಯೂರೋದ ಚಿತ್ರಕ್ಕೇ ಈ ಮಿತಿ ಮುಟ್ಟುತ್ತದೆ. 20 ಕೋಟಿಯ ಚಿತ್ರಕ್ಕೂ ಅಷ್ಟೇ. ಇದರಿಂದ ವ್ಯಾಪಾರ ನ್ಯೂಯಾರ್ಕ್‌ಗೆ ಓಡಿಹೋಗುತ್ತದೆ ಎಂದು ವ್ಯಾಪಾರಿಗಳು ಹೆದರಿಸುತ್ತಾರೆ. ಕೋಟಿಗಟ್ಟಲೆ ಪ್ರೀಮಿಯಂ ಕಟ್ಟಲು ಹಿಂಜರಿಯದವರು 12,500 ಯೂರೋ ಉಳಿಸಲು ಸಮುದ್ರ ದಾಟುತ್ತಾರೆಯೇ? ಪಾಲು ಬಹುಪಾಲು ಹೆಸರಾದವರಿಗೇ ಹೋಗುತ್ತದೆ ಎಂಬ ಆಕ್ಷೇಪದಲ್ಲಿ ಸ್ವಲ್ಪ ಹುರುಳಿದೆ. ಅದಕ್ಕೆ ಮದ್ದು ದರಗಳನ್ನು ಸರಿಹೊಂದಿಸುವುದು.

ಆರ್ಟ್ ಬಾಸೆಲ್ ಕಲಾಮೇಳ ಮತ್ತು ಯುಬಿಎಸ್ ಬ್ಯಾಂಕಿನ ವರದಿಯಂತೆ 2024ರಲ್ಲಿ ಜಗತ್ತಿನ ಕಲಾ ವ್ಯಾಪಾರ 5,750 ಕೋಟಿ ಡಾಲರ್, ಹಿಂದಿನ ವರ್ಷಕ್ಕಿಂತ ಶೇ 12 ಕಡಿಮೆ. ಅದರಲ್ಲಿ ಅಮೆರಿಕದ ಪಾಲು ಶೇ 43, ಚೀನಾದ್ದು ಶೇ 15. ಕಲಾವಿದರಿಗೆ ಮರುಮಾರಾಟದ ಪಾಲು ಕೊಡಿಸುವ ವ್ಯವಸ್ಥೆ ಈ ಎರಡೂ ಕಡೆ ಇಲ್ಲ. ಅಂದರೆ ಜಗತ್ತಿನ ಅರ್ಧಕ್ಕಿಂತ ಹೆಚ್ಚು ವ್ಯಾಪಾರ ಚಿತ್ರಕಾರನನ್ನು ಹೊರಗಿಟ್ಟೇ ನಡೆಯುತ್ತಿದೆ. ನಮ್ಮ ಚಿತ್ರಕಾರ ತೈಯಬ್ ಮೆಹ್ತಾ ಬದುಕಿದ್ದಾಗಲೇ, 2005ರಲ್ಲಿ, ಅವರ ‘ಮಹಿಷಾಸುರ’ ನ್ಯೂಯಾರ್ಕ್‌ನಲ್ಲಿ 15 ಲಕ್ಷ ಡಾಲರ್ ದಾಟಿತು. ಅಲ್ಲಿಯ ಕಾನೂನಿನಲ್ಲಿ ಅವರಿಗೆ ಪಾಲಿರಲಿಲ್ಲ.

ನಿಮಗೆ ಆಶ್ಚರ್ಯವಾಗಬಹುದು: ಭಾರತದಲ್ಲಿ ಈ ಕಾನೂನು ಇದೆ. ಕೃತಿಸ್ವಾಮ್ಯ ಕಾಯ್ದೆಗೆ 1994ರ ತಿದ್ದುಪಡಿಯಲ್ಲಿ ಸೇರಿದ 53ಎ ಕಲಮು. ಚಿತ್ರ, ಶಿಲ್ಪ, ರೇಖಾಚಿತ್ರ, ಸಾಹಿತ್ಯದ ಮೂಲ ಹಸ್ತಪ್ರತಿ, ಯಾವುದರ ಮರುಮಾರಾಟದ ಬೆಲೆ 10,000 ರೂಪಾಯಿ ದಾಟಿದರೂ ಕರ್ತೃವಿಗೆ ಅಥವಾ ವಾರಸುದಾರರಿಗೆ ಪಾಲುಂಟು, ಗರಿಷ್ಠ ಶೇ 10. ಎಷ್ಟು ಎಂದು ಗೊತ್ತುಮಾಡುವ ಹೊಣೆ ಕೃತಿಸ್ವಾಮ್ಯ ಮಂಡಳಿಯದಾಗಿತ್ತು. ಎಡವಟ್ಟಾದದ್ದು ಇಲ್ಲೇ. ದರ ಕಾಯ್ದೆಯೊಳಗೇ ಇಲ್ಲ. ಮಂಡಳಿಯನ್ನು 2017ರಲ್ಲಿ ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿಯೊಳಗೆ ಸೇರಿಸಿದರು, 2021ರಲ್ಲಿ ಅದನ್ನೂ ರದ್ದುಮಾಡಿ ಕೆಲಸವನ್ನು ನ್ಯಾಯಾಲಯಗಳಿಗೆ ದಾಟಿಸಿದರು. ಮರುಮಾರಾಟವಾಯಿತೆಂದು ಕಲಾವಿದನಿಗೆ ತಿಳಿಸಬೇಕಾದವರು ಯಾರು ಎಂಬುದು ಕಲಮಿನಲ್ಲಿ ಇಲ್ಲ. ಬ್ರಿಟನ್‌ನಲ್ಲಿ ಹಾಗಲ್ಲ. ಮಾರಿದವರೂ ಮಧ್ಯವರ್ತಿಯೂ ಇಬ್ಬರೂ ಹೊಣೆ. ಮಾರಾಟವಾದ ಮೂರು ವರ್ಷದೊಳಗೆ ಕಲಾವಿದನ ಕಡೆಯವರು ವಿವರ ಕೇಳಿದರೆ 90 ದಿನದಲ್ಲಿ ಕೊಡಬೇಕು. ಹಣ ವಸೂಲಿಗೆ ಸಂಘಗಳಿವೆ.

ನಾವು ನಮ್ಮ ಕಲಮನ್ನು ಮಲಗಿಸಿಟ್ಟದ್ದರ ನಷ್ಟ ಹೊರದೇಶದಲ್ಲೂ ಆಗಬಹುದು. ಕೃತಿಸ್ವಾಮ್ಯದ ಅಂತರರಾಷ್ಟ್ರೀಯ ಒಪ್ಪಂದವಾದ ಬರ್ನ್ ಒಪ್ಪಂದದ ಪ್ರಕಾರ, ಕಲಾವಿದನ ಸ್ವದೇಶದ ಕಾನೂನು ಈ ಹಕ್ಕಿಗೆ ಅವಕಾಶ ಕೊಟ್ಟಿದ್ದರೆ ಮಾತ್ರ ಅವನು ಬೇರೆ ದೇಶದಲ್ಲಿ ಅದನ್ನು ಕೇಳಬಹುದು. ಅಲ್ಲಿಯ ವಕೀಲರು ‘ನಿಮ್ಮಲ್ಲಿ ಎಷ್ಟು ಕೊಡುತ್ತೀರಿ?’ ಎಂದರೆ ತೋರಿಸಲು ನಮ್ಮ ಕೈಯಲ್ಲೊಂದು ದರಪಟ್ಟಿ ಬೇಡವೇ? ಕಟ್ಟಿಂಗೇರಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಬಾಳಿದ ಚಿತ್ರಕಾರ ಕೆ.ಕೆ. ಹೆಬ್ಬಾರರು ತೀರಿಕೊಂಡದ್ದು 1996ರಲ್ಲಿ. ಕೃತಿಸ್ವಾಮ್ಯದ 60 ವರ್ಷ ಲೆಕ್ಕ ಹಾಕಿದರೆ 2056ರವರೆಗೂ ಈ ಹಕ್ಕು ಜೀವಂತ. ಗೊತ್ತುಮಾಡಿದ ದರವಿಲ್ಲದ ಹಕ್ಕನ್ನು ಹಿಡಿದುಕೊಂಡು ವಾರಸುದಾರರು ಯಾರ ಬಾಗಿಲು ತಟ್ಟಬೇಕು? 118 ಕೋಟಿಯನ್ನು ಮುಖಪುಟದಲ್ಲಿ ಹಾಕಿದ ನಮ್ಮ ಪತ್ರಿಕಾ ಬಳಗ ಆ 13 ಚಿತ್ರಗಳಲ್ಲಿ ಏನಿದೆಯೆಂದೇ ಸರಿಯಾಗಿ ಬರೆಯಲಿಲ್ಲ. ಕಲಾವಿಮರ್ಶೆಯ ಅಂಕಣಗಳು ಹೋದ ಜಾಗದಲ್ಲಿ ಹರಾಜಿನ ದಾಖಲೆ ಬಂದು ಕುಳಿತಿದೆ. ಓದುಗರೂ ಹಾಗೆಯೇ ಓದಲು ಕಲಿತರೆ ತಪ್ಪು ನಿಮ್ಮೊಬ್ಬರದೇ ಅಲ್ಲ.

ಇನ್ನು ನಿಮ್ಮ ಹಣ. ಲಾಭಕ್ಕಾಗಿ ಎಳೆಯರ ಚಿತ್ರ ಕೊಳ್ಳಬೇಡಿ. ಘಾನಾದ ಅಮೊಆಕೊ ಬೊಆಫೊ ಅವರ ಚಿತ್ರವೊಂದಕ್ಕೆ 2020ರ ಫೆಬ್ರುವರಿಯಲ್ಲಿ ಲಂಡನ್‌ನ ಫಿಲಿಪ್ಸ್‌ನಲ್ಲಿ ಅಂದಾಜಿಸಿದ್ದು 30ರಿಂದ 50 ಸಾವಿರ ಪೌಂಡ್, ಬಂದದ್ದು 6.75 ಲಕ್ಷ. ಇಂಥದ್ದು ನಡೆದ ಕೂಡಲೇ ಆ ಕಲಾವಿದರ ಚಿತ್ರ ಇಟ್ಟುಕೊಂಡವರೆಲ್ಲ ಹರಾಜಿಗೆ ಓಡುತ್ತಾರೆ. ಮಾಲು ಹೆಚ್ಚಾಗಿ, ಗೊತ್ತುಮಾಡಿದ ಕನಿಷ್ಠ ಬೆಲೆಗೂ ಕೂಗು ಬರದೆ ಚಿತ್ರ ಉಳಿದುಬಿಟ್ಟರೆ ಅದು ದಾಖಲೆಯಲ್ಲಿ ನಿಲ್ಲುತ್ತದೆ, ಮತ್ತೆ ವರ್ಷಗಟ್ಟಲೆ ಅದನ್ನು ಮುಟ್ಟುವವರಿಲ್ಲ. ಗ್ಯಾಲರಿ ತನ್ನ ಬೆಲೆಯನ್ನು ಬಹಿರಂಗವಾಗಿ ಇಳಿಸಲಾರದು. ಮೂವತ್ತು ವಯಸ್ಸಿನ ಕಲಾವಿದರೊಬ್ಬರ ವೃತ್ತಿ ಅಲ್ಲಿಗೆ ಕುಂಟತೊಡಗುತ್ತದೆ. ಕೊಂಡ ನೀವು ನಷ್ಟ ಅನುಭವಿಸುವುದು ಒಂದು ಚಿತ್ರದ ಮೇಲೆ, ಅವರು ಎಲ್ಲದರ ಮೇಲೆ.

ಇಷ್ಟಪಟ್ಟು, ಮನೆಯಲ್ಲಿಟ್ಟುಕೊಳ್ಳಲು ಕೊಳ್ಳುವುದಾದರೆ ಧಾರಾಳವಾಗಿ ಕೊಳ್ಳಿ. ಜನವರಿಯಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ನಡೆಸುವ ಚಿತ್ರಸಂತೆಗೆ ಹೋಗಿ, ಕಲಾವಿದರ ಕೈಗೇ ಹಣ ಕೊಡಿ. ಗ್ಯಾಲರಿಯಲ್ಲಾದರೆ ಅರ್ಧದಷ್ಟು ಬೆಲೆ ಕಮಿಷನ್‌ಗೆ ಹೋಗುವುದು ಸಾಮಾನ್ಯ. ರಸೀದಿಯಲ್ಲಿ ಕಲಾವಿದರ ಹೆಸರು, ಶೀರ್ಷಿಕೆ, ವರ್ಷ, ಮಾಧ್ಯಮ, ಸೆಂಟಿಮೀಟರ್‌ನಲ್ಲಿ ಅಳತೆ, ಬೆಲೆ, ಸಹಿ ಇರಬೇಕು. ಚಿತ್ರದ ಮುಂದೆ, ಹಿಂದೆ, ಸಹಿಯ ಹತ್ತಿರ ಮೂರು ಫೋಟೊ ತೆಗೆದಿಡಿ. ಕ್ಯಾನ್ವಾಸ್ ಕೊಂಡರೆ ಮುದ್ರಣದ ಹಕ್ಕು ಕೊಂಡಂತಲ್ಲ, ಅದು ಅವರಲ್ಲೇ ಉಳಿಯುತ್ತದೆ. ಧಾರವಾಡದ ಮಳೆಗಾಲದಲ್ಲಿ ತೇವ ಹಿಡಿಯುವ ಹೊರಗೋಡೆಗೆ ನೇತುಹಾಕಬೇಡಿ. ಕಾಗದದ ಮೇಲಿನ ಚಿತ್ರಕ್ಕೆ ಆಮ್ಲವಿಲ್ಲದ ಮೌಂಟ್ ಹಾಕಿಸಿ, ಗಾಜು ಚಿತ್ರಕ್ಕೆ ತಾಗದಂತೆ ನೋಡಿಕೊಳ್ಳಿ. ತಾಗಿದರೆ ಬೂಷ್ಟು ಬರುತ್ತದೆ.

ಜೊತೆಗೆ ಒಂದು ಷರತ್ತು ಬರೆದುಕೊಡಿ. ನ್ಯೂಯಾರ್ಕ್‌ನಲ್ಲಿ ಕಲಾ ಪ್ರದರ್ಶನಗಳ ಸಂಘಟಕ ಸೆತ್ ಸೀಗೆಲಾಬ್ ಮತ್ತು ವಕೀಲ ರಾಬರ್ಟ್ ಪ್ರೊಜಾನ್ಸ್ಕಿ 1971ರಲ್ಲೇ ಇಂಥ ಕರಾರಿನ ಮಾದರಿ ಮಾಡಿಟ್ಟಿದ್ದಾರೆ. ಬೆಲೆಯ ಏರಿಕೆಯಲ್ಲಿ ಶೇ 15 ಕಲಾವಿದರಿಗೆ. ಕರಾರು ಸಹಿ ಹಾಕಿದವರನ್ನು ಮಾತ್ರ ಕಟ್ಟುತ್ತದೆ, ಆದ್ದರಿಂದ ಮುಂದೆ ಕೊಳ್ಳುವವರನ್ನೂ ಒಳಗೆ ತರುವ ಮಾತು ಅದರಲ್ಲಿರಬೇಕು. ಹೀಗೆ ಬರೆಯಬಹುದು: ‘ಈ ಚಿತ್ರವನ್ನು ನಾನು ಮುಂದೆ ಕೊಂಡ ಬೆಲೆಗಿಂತ ಹೆಚ್ಚಿಗೆ ಮಾರಿದರೆ, ಆ ಹೆಚ್ಚಳದ ಶೇ 15ನ್ನು 30 ದಿನದೊಳಗೆ ಕಲಾವಿದರಿಗೆ ಅಥವಾ ಅವರ ವಾರಸುದಾರರಿಗೆ ಕೊಡುತ್ತೇನೆ. ಕೊಳ್ಳುವವರಿಂದಲೂ ಇದೇ ಷರತ್ತಿಗೆ ಸಹಿ ಪಡೆದೇ ಚಿತ್ರ ಒಪ್ಪಿಸುತ್ತೇನೆ.’ ಎರಡು ಪ್ರತಿ ಮಾಡಿ, ಇಬ್ಬರೂ ಸಹಿ ಹಾಕಿ, ಒಂದನ್ನು ಕಲಾವಿದರ ಕೈಗೆ ಕೊಟ್ಟು ಬನ್ನಿ.

ವಿಶ್ವಾಸದಿಂದ,
ಸಂಪಾದಕ