ಕಲಿಸಿದ ಹುಡುಗ ಬಿಟ್ಟು ಹೋದರೆ ಸಂಘ ಏನು ಮಾಡುತ್ತೆ?

(ಪೀಣ್ಯ ಎರಡನೇ ಹಂತದಲ್ಲಿ 18 ಜನರ ಮೆಷಿನ್ ಶಾಪ್ ನಡೆಸುವ ಓದುಗರೊಬ್ಬರ ಕಾಗದ: "ಎರಡು ವರ್ಷದಲ್ಲಿ ಐದು ಹುಡುಗರಿಗೆ ಸಿಎನ್‌ಸಿ (ಕಂಪ್ಯೂಟರ್‌ನಿಂದ ನಡೆಯುವ ಮೆಷಿನ್) ಕಲಿಸಿದೆ. ನಾಲ್ವರು ದೊಡ್ಡ ಕಂಪನಿ ಸೇರಿದರು. ಉದ್ಯಮಿಗಳ ಸಂಘಕ್ಕೆ ವರ್ಷಾ ವರ್ಷ ಚಂದಾ ಕಟ್ಟುತ್ತೇನೆ. ಸಿಗುವುದು ಡೈರಿ, ಕ್ಯಾಲೆಂಡರ್, ವಾರ್ಷಿಕ ಸಭೆಯ ಊಟ. ಇದರಿಂದ ನನಗೇನು ಉಪಯೋಗ?")

ಸರ್, ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಹುಡುಗರು ಹೋದದ್ದಕ್ಕೆ ಸಂಘವನ್ನು ಬೈದು ಉಪಯೋಗವಿಲ್ಲ. ಅವರು ಹೋದದ್ದು ಸಂಬಳಕ್ಕೆ, ಕ್ಯಾಂಟೀನ್ ಊಟಕ್ಕೆ, ಕಂಪನಿ ಬಸ್ಸಿಗೆ. ಅದನ್ನು ಯಾವ ಸಂಘವೂ ತಡೆಯಲಾರದು, ತಡೆಯಲೂಬಾರದು.

ಸಂಘ ಮಾಡಬೇಕಾದ್ದು ಬೇರೆ. ಒಬ್ಬ ಹೊಸ ಹುಡುಗ ಡ್ರಾಯಿಂಗ್ ಓದೋದು, ಮೈಕ್ರೋಮೀಟರ್ ಹಿಡಿಯೋದು, ಆಫ್‌ಸೆಟ್ ಕೊಡೋದು (ಟೂಲಿನ ಅಳತೆಯನ್ನು ಮೆಷಿನ್‌ಗೆ ತಿಳಿಸೋದು) ಕಲಿಯುವ ಹೊತ್ತಿಗೆ ನಾಲ್ಕು ಇನ್ಸರ್ಟ್, ಅಂದರೆ ಲೋಹ ಕತ್ತರಿಸುವ ಟೂಲಿನ ತುದಿ, ಮುರಿದಿರುತ್ತವೆ, ಒಂದು ಲಾಟ್ ರಿಜೆಕ್ಟ್ ಆಗಿರುತ್ತದೆ, ಮೆಷಿನ್ ಸಜ್ಜುಮಾಡುವ ನಿಮ್ಮ ಸೆಟ್ಟರ್ ತನ್ನ ಕೆಲಸ ಬಿಟ್ಟು ಅವನ ಹಿಂದೆಯೇ ನಿಂತಿರುತ್ತಾನೆ. ಖರ್ಚು ನಿಮ್ಮದು, ಲಾಭ ಪಕ್ಕದವರದು. ಅದಕ್ಕೇ ಯಾರೂ ಕಲಿಸುವ ಗೋಜಿಗೆ ಹೋಗುವುದಿಲ್ಲ, ಎಲ್ಲರೂ ಗೇಟಿಗೆ "ಅನುಭವ ಇರುವವರು ಬೇಕಾಗಿದ್ದಾರೆ" ಬೋರ್ಡ್ ನೇತುಹಾಕಿ ಕೂರುತ್ತಾರೆ. ಅನುಭವ ಎಲ್ಲಿಂದ ಬರಬೇಕು, ಹೇಳಿ. ಹತ್ತು ಶೆಡ್‌ನವರು ಸೇರಿ ಕಲಿಸಿದರೆ ಮಾತ್ರ ಈ ಲೆಕ್ಕ ಸರಿಹೋಗುತ್ತದೆ.

ಅಪ್ರೆಂಟಿಸ್, ಅಂದರೆ ಸ್ಟೈಪೆಂಡ್ ಪಡೆದು ಕೆಲಸ ಕಲಿಯುವವರ ವಿಷಯವನ್ನೇ ನೋಡಿ. 1961ರ ಕಾಯ್ದೆ, 2019ರಲ್ಲಿ ಅದರ ನಿಯಮ ಬದಲಾಯಿತು. 30 ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಕಡೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು, 4ರಿಂದ 29 ಜನ ಇದ್ದರೆ ಅದು ಮಾಲೀಕರ ಇಷ್ಟ. ಒಟ್ಟು ಕೆಲಸಗಾರರ ಶೇ 15 ಮಿತಿ. ನಿಮ್ಮ 18 ಜನಕ್ಕೆ ಇಬ್ಬರು ಅಂತಿಟ್ಟುಕೊಳ್ಳಿ. ಕೊಡುವ ಸ್ಟೈಪೆಂಡ್‌ನಲ್ಲಿ ಕಾಲು ಭಾಗ, ಒಬ್ಬರಿಗೆ ತಿಂಗಳಿಗೆ ₹1,500ರವರೆಗೆ, ಕೇಂದ್ರ ಸರ್ಕಾರದ ಅಪ್ರೆಂಟಿಸ್‌ಶಿಪ್ ಯೋಜನೆ ಭರಿಸುತ್ತದೆ. ಅಪ್ರೆಂಟಿಸ್‌ಗಳಿಗೆ ಪಿಎಫ್, ಇಎಸ್‌ಐ ಕಟ್ಟಬೇಕಾಗಿಲ್ಲ. ಆದರೂ ಸಣ್ಣವರು ಯಾಕೆ ಮುಂದೆ ಬರುವುದಿಲ್ಲ? ಪೋರ್ಟಲ್ಲು, ಕಾಂಟ್ರಾಕ್ಟು, ಹಾಜರಿ ಅಪ್‌ಲೋಡು. ಬೆಳಿಗ್ಗೆ ಡಿಸ್ಪ್ಯಾಚ್, ಸಂಜೆ ಜಿಎಸ್‌ಟಿ ನೋಡುವ ಮನುಷ್ಯನಿಗೆ ಇದಕ್ಕೆಲ್ಲ ಪುರುಸೊತ್ತೆಲ್ಲಿ? ಸದಸ್ಯರೆಲ್ಲರ ಪರವಾಗಿ ಈ ಓಡಾಟವನ್ನು ಸಂಘವೇ ವಹಿಸಿಕೊಳ್ಳಬಹುದು. 'ಥರ್ಡ್ ಪಾರ್ಟಿ ಅಗ್ರಿಗೇಟರ್' ಅಂತ ಅದಕ್ಕೊಂದು ವ್ಯವಸ್ಥೆಯೇ ಇದೆ. ಆಫೀಸಿನಲ್ಲಿ ಒಬ್ಬ ಗುಮಾಸ್ತ ಸಾಕು. ನಿಮ್ಮ ಸಂಘದಲ್ಲಿ ಇದು ಇದೆಯಾ ಅಂತ ಯಾವತ್ತಾದರೂ ಕೇಳಿದ್ದೀರಾ?

ನಮ್ಮಲ್ಲಿ ಸಂಘ ಅಂದರೆ ಮನವಿಪತ್ರ ಕೊಡುವುದು ಅನ್ನುವ ಅಭ್ಯಾಸ ಹಳೆಯದು. ಕರೆಂಟ್ ರೇಟು, ರಸ್ತೆ, ಆಸ್ತಿ ತೆರಿಗೆ. ಬೇಡ ಅನ್ನುತ್ತಿಲ್ಲ, ಪೀಣ್ಯದ ರಸ್ತೆ ನೋಡಿದವರು ಯಾರೂ ಬೇಡ ಅನ್ನಲಾರರು. ಆದರೆ ಜರ್ಮನಿಯಲ್ಲಿ ಅಪ್ರೆಂಟಿಸ್ ಪರೀಕ್ಷೆ ನಡೆಸಿ ಸರ್ಟಿಫಿಕೇಟ್ ಕೊಡುವುದೇ ವಾಣಿಜ್ಯ ಮತ್ತು ಕೈಗಾರಿಕಾ ಚೇಂಬರ್. ಪರೀಕ್ಷಕರಾಗಿ ಕೂರುವವರಲ್ಲಿ ಕಂಪನಿಗಳಲ್ಲಿ ಕೆಲಸ ಮಾಡುವವರೂ ಇರುತ್ತಾರೆ, ಅದಕ್ಕೆ ಸಂಬಳವಿಲ್ಲ. ಅಲ್ಲಿ ಚೇಂಬರ್ ಸದಸ್ಯತ್ವ ಕಾನೂನಿನ ಪ್ರಕಾರ ಕಡ್ಡಾಯ, ಇಲ್ಲಿ ಹಾಗಿಲ್ಲ. ಹಾಗಾಗಿ ಇಲ್ಲಿ ಮಾಲೀಕರೇ ಮನಸ್ಸು ಮಾಡಬೇಕು.

ಮಾಡುತ್ತಾರಾ? ಇಲ್ಲೇ ನನಗೆ ಸ್ವಲ್ಪ ಬೇಜಾರು. 2007-08ರಲ್ಲಿ ಕೇಂದ್ರ ಸರ್ಕಾರ 1,396 ಸರ್ಕಾರಿ ಐಟಿಐಗಳನ್ನು ಮೇಲೆತ್ತಲು ಒಂದು ಯೋಜನೆ ತಂದಿತು. ಒಂದೊಂದಕ್ಕೂ ₹2.5 ಕೋಟಿ ಬಡ್ಡಿಯಿಲ್ಲದ ಸಾಲ, ನಡೆಸುವ ಸಮಿತಿಗೆ ಉದ್ಯಮದವರೇ ಅಧ್ಯಕ್ಷರು. ಕುರ್ಚಿ ಕೊಟ್ಟರು, ಆದರೆ ಆ ಕುರ್ಚಿಯಲ್ಲಿ ಕೂತು "ಈ ಹಳೇ ಲೇಥ್ ಇನ್ನು ಸಾಕು, ಒಂದು ವಿಎಂಸಿ (ಕಂಪ್ಯೂಟರ್‌ನಿಂದ ನಡೆಯುವ ಮಿಲ್ಲಿಂಗ್ ಮೆಷಿನ್) ತನ್ನಿ" ಅಂತ ಪಟ್ಟು ಹಿಡಿಯಲು ಪುರುಸೊತ್ತು ಇರುವವರು ಬೇಕಲ್ವಾ? ಐಟಿಐಯಲ್ಲಿ ಏನೂ ಕಲಿಸಲ್ಲ ಅಂತ ಸುಮ್ನೆ ಗೊಣಗುವ ಮಾಲೀಕರನ್ನು ನಾನು ಜಾಸ್ತಿ ನೋಡಿದ್ದೇನೆ. ಅವರಲ್ಲಿ ಎಷ್ಟೋ ಜನ ಹತ್ತಿರದ ಐಟಿಐ ಗೇಟನ್ನೂ ದಾಟಿಲ್ಲ.

ಹಾಗಾಗಿ ಚಂದಾ ನಿಲ್ಲಿಸಬೇಡಿ, ಮುಂದಿನ ಸಭೆಗೆ ಹೋಗಿ. ನಿಮ್ಮಂಥ ಐದಾರು ಶೆಡ್‌ನವರನ್ನು ಮೊದಲೇ ಮಾತಾಡಿಸಿಟ್ಟುಕೊಳ್ಳಿ. ಎಲ್ಲರಿಗೂ ಸೇರಿ ಎಷ್ಟು ಟರ್ನರ್, ಎಷ್ಟು ಸಿಎನ್‌ಸಿ ಆಪರೇಟರ್ ಬೇಕು ಅನ್ನೋದನ್ನು ಒಂದು ಹಾಳೆಯಲ್ಲಿ ಬರೆದು ಕಾರ್ಯದರ್ಶಿ ಕೈಗೆ ಕೊಡಿ. ವಾರಕ್ಕೆ ಅರ್ಧ ದಿನ ನಿಮ್ಮ ಸೆಟ್ಟರ್‌ನನ್ನು ಐಟಿಐಗೆ ಕಳಿಸುತ್ತೇನೆ ಅಂತಲೂ ಅದರಲ್ಲೇ ಸೇರಿಸಿ, ಬರೀ ಕೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಇದೆಲ್ಲ ಐಟಿಐ ಪರೀಕ್ಷೆ ಮುಗಿಯುವ ಮುಂಚೆ ಆಗಬೇಕು. ಆಮೇಲೆ ಹೋದರೆ ಒಳ್ಳೆಯ ಹುಡುಗರೆಲ್ಲ ಅದೇ ಕಂಪನಿ ಬಸ್ ಹತ್ತಿಯಾಗಿರುತ್ತದೆ.

— ಸಂ.