ಸತ್ತ ಮೇಲೆ ಏನು? ಧರ್ಮಗಳು ಬೇರೆಯಾಗುವುದು ಇಲ್ಲೇ

ಎಲ್ಲ ಧರ್ಮಗಳೂ ಹೇಳುವುದು ಒಂದೇ ಅಲ್ವಾ ಅಂತ ಕೇಳಿದ್ದೀರಿ. ಕದಿಯಬೇಡ, ಕೊಲ್ಲಬೇಡ ಅನ್ನುವವರೆಗೆ ಹೌದು. ಸತ್ತ ಮೇಲೇನು ಅಂತ ಕೇಳಿ ನೋಡಿ, ದಾರಿ ಕವಲೊಡೆಯುತ್ತದೆ.

ಕ್ರೈಸ್ತ, ಇಸ್ಲಾಂ ಎರಡರಲ್ಲೂ ಬದುಕು ಒಂದೇ ಸಲ, ಆಮೇಲೆ ದೇವರ ತೀರ್ಪು. ಆದರೆ ಯೇಸು ಕ್ರೈಸ್ತರಿಗೆ ದೇವರ ಮಗ. ಮುಸ್ಲಿಮರಿಗೆ ಗೌರವದ ಪ್ರವಾದಿ, ದೇವರಲ್ಲ. ಯಹೂದಿಗಳು ಸಾವಿನಾಚೆಗಿಂತ ಈ ಬದುಕಿನ ನಡತೆಗೇ ಜಾಸ್ತಿ ಒತ್ತು ಕೊಡುತ್ತಾರೆ.

ಹಿಂದೂ, ಜೈನ, ಬೌದ್ಧರಲ್ಲಿ ಕರ್ಮ, ಮರುಹುಟ್ಟು. ನನಗೆ ಕುತೂಹಲ ಇಲ್ಲೇ. ಜೈನರ ಪ್ರಕಾರ ಕರ್ಮ ಸುಮ್ನೆ ಲೆಕ್ಕವಲ್ಲ, ಜೀವಕ್ಕೆ ದೂಳಿನಂತೆ ಅಂಟುವ ವಸ್ತು. ಬುದ್ಧನೋ, ಶಾಶ್ವತ ಆತ್ಮವೇ ಇಲ್ಲ ಅಂದ. ಹಾಗಾದರೆ ಮತ್ತೆ ಹುಟ್ಟುವುದು ಯಾರು? ಒಂದು ದೀಪದಿಂದ ಇನ್ನೊಂದನ್ನು ಹಚ್ಚಿದಂತೆ ಅನ್ನುತ್ತಾರೆ ಬೌದ್ಧರು. ಉರಿ ಮುಂದುವರಿಯುತ್ತದೆ, ಆದರೆ ಮೊದಲ ದೀಪದಿಂದ ಏನೂ ಎದ್ದು ಬಂದಿರುವುದಿಲ್ಲ.